ಕಣ್ಣೂರಿನ ದಂಡಿನಲ್ಲಿ ಮಳೆಗಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೇರಳದ ಏಕೈಕ ಕಂಟೋನ್ಮೆಂಟ್ ಇರುವುದು ಕಣ್ಣೂರಿನಲ್ಲಿ. ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್, ಅಂದರೆ ಡಿಎಸ್‌ಸಿ ಸೆಂಟರ್ ಇರುವುದೂ ಅಲ್ಲೇ. ಸೇನೆಯಿಂದ ಪಿಂಚಣಿ ಬಂದು ಮತ್ತೆ ಸಮವಸ್ತ್ರ ತೊಡುವ ನಮ್ಮ ಕಡೆಯ ಅನೇಕರು ಮೊದಲು ಇಳಿಯುವುದು ಈ ಊರಿನ ಸ್ಟೇಷನ್ನಿನಲ್ಲಿ. ಮುಂಗಾರು ಹತ್ತಿರವಾದಂತೆ ಅಲ್ಲಿನ ವಾಸದ ಬಗ್ಗೆ, ಕಡಲಂಚಿನ ಹಳೆಯ ಕೋಟೆಯ ಬಗ್ಗೆ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ತರಹದವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಹವಾಲ್ದಾರ್ ಆಗಿ ನಿವೃತ್ತನಾಗಿ ಈಗ ಡಿಎಸ್‌ಸಿಗೆ ಆಯ್ಕೆಯಾಗಿದ್ದೇನೆ. ಜೂನ್ ಮೊದಲ ವಾರ ಕಣ್ಣೂರಿನಲ್ಲಿ ರಿಪೋರ್ಟ್ ಮಾಡಬೇಕು. ನನ್ನ ಸರ್ವಿಸ್ ಹೆಚ್ಚಿನದೆಲ್ಲ ರಾಜಸ್ಥಾನ, ಪಂಜಾಬಿನಲ್ಲೇ ಕಳೆಯಿತು. ಕರಾವಳಿ ಮಳೆಗೆ ಟ್ರಂಕು ಹೇಗೆ ಸಜ್ಜು ಮಾಡಿಕೊಳ್ಳಲಿ?
— ನಿವೃತ್ತ ಹವಾಲ್ದಾರ್, ಅರಸೀಕೆರೆ

ಉತ್ತರ: ಮರಳುನಾಡಿನ ಒಂದು ಅಭ್ಯಾಸವನ್ನು ನೀವು ಮೊದಲು ಬಿಡಬೇಕು. ಅಲ್ಲಿ ಕಾಟ ಕೊಡುವುದು ಧೂಳು, ಹಾಗಾಗಿ ಎಷ್ಟು ಬಿಗಿಯಾಗಿ ಮುಚ್ಚಿದರೆ ಅಷ್ಟು ಒಳ್ಳೆಯದು. ಕಣ್ಣೂರಿನಲ್ಲಿ ಕಾಟ ತೇವದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಳಗೆ ತೇವ ಇಟ್ಟು ಮುಚ್ಚಿದ ಟ್ರಂಕಿನಲ್ಲಿ ಒಂದೇ ವಾರಕ್ಕೆ ಬೂಷ್ಟು ಬರುತ್ತದೆ.

ಊರಲ್ಲಿ ಬಿಸಿಲಿರುವಾಗಲೇ ಕೆಲಸ ಶುರು ಮಾಡಿ. ಖಾಲಿ ಟ್ರಂಕನ್ನು ಎರಡು ದಿನ ಬಾಯಿ ತೆರೆದು ಬಿಸಿಲಿಗಿಡಿ. ತಳದ ಮೂಲೆ, ಬೆಸುಗೆ, ಕೀಲು, ಚಿಲಕ ಎಲ್ಲವನ್ನೂ ನೋಡಿ. ತುಕ್ಕು ಸಾಮಾನ್ಯವಾಗಿ ತಳದ ಹೊರಬದಿಯಿಂದ ಹತ್ತುತ್ತದೆ, ನಮ್ಮ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ತುಕ್ಕಿರುವಲ್ಲಿ 120 ನಂಬರಿನ ಸ್ಯಾಂಡ್‌ಪೇಪರಿನಿಂದ ಲೋಹ ಕಾಣುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಒಣಗಿದ ಮೇಲೆ ಎನಾಮಲ್ ಎರಡು ಕೋಟು ಹೊಡೆಯಿರಿ. ಪ್ರೈಮರ್ ಬಿಟ್ಟು ನೇರ ಪೇಂಟ್ ಬಳಿದರೆ ಒಂದು ಮಳೆಗಾಲದಲ್ಲೇ ಹೊಪ್ಪಳೆ ಏಳುತ್ತದೆ. ಪೇಂಟಿನ ವಾಸನೆ ಹೋಗಲು ಒಂದು ವಾರ ಬೇಕು. ಆದ್ದರಿಂದ ಈ ಕೆಲಸ ಮೇ ತಿಂಗಳ ಮಧ್ಯಕ್ಕೆ ಮುಗಿದಿರಲಿ.

ಇನ್ನು ಬಟ್ಟೆ. ಗಂಜಿ ಹಾಕಿದ ಯೂನಿಫಾರ್ಮನ್ನು ಟ್ರಂಕಿಗೆ ಹಾಕಲೇಬೇಡಿ. ಗಂಜಿ ಎಂದರೆ ಪಿಷ್ಟ, ಬೂಷ್ಟಿಗೆ ಅದೇ ಆಹಾರ. ಗಂಜಿ ಇಲ್ಲದೆ ತೊಳೆದು, ಖಡಕ್ ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ, ಇಸ್ತ್ರಿಯ ಬಿಸಿ ಪೂರ್ತಿ ಆರಿದ ಮೇಲೆ ಮಡಚಿಡಿ. ಬಿಸಿ ಇರುವಾಗಲೇ ಇಟ್ಟರೆ ಆ ಆವಿ ಒಳಗೇ ನೀರಾಗುತ್ತದೆ. ಪರೇಡಿಗೆ ಬೇಕಾದ ಜೊತೆಗೆ ಮಾತ್ರ ಹಿಂದಿನ ದಿನ ಗಂಜಿ ಹಾಕಿಕೊಳ್ಳಿ. ನುಸಿಗುಳಿಗೆ ಹಾಕಿದ್ದೇವೆ, ಇನ್ನೇನು ಭಯ ಎಂದು ಹಲವರು ತಿಳಿದಿರುತ್ತಾರೆ. ಅದು ಹುಳುವಿಗೆ ಮಾತ್ರ. ಬೂಷ್ಟನ್ನು ತಡೆಯುವ ಭರವಸೆ ಅದಕ್ಕಿಲ್ಲ.

ತೇವ ಹೀರಲು ಸಿಲಿಕಾ ಜೆಲ್ ಒಳ್ಳೆಯದು. ಸಾಧಾರಣ ಅಳತೆಯ ಟ್ರಂಕಿಗೆ 200ರಿಂದ 250 ಗ್ರಾಂ ಬೇಕು. ತೆಳು ಹತ್ತಿಬಟ್ಟೆಯ ನಾಲ್ಕು ಚೀಲ ಮಾಡಿ ನಾಲ್ಕು ಮೂಲೆಗಿಡಿ. ಬಣ್ಣ ಬದಲಾಗುವ ಹರಳು ಸಿಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಲವಣ ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಬಣ್ಣ ಬದಲಾಯಿತೆಂದರೆ ಹೊಟ್ಟೆ ತುಂಬಿತು ಎಂದರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಇದನ್ನು ಮಾಡದೆ ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಅದು ಬರೀ ಕಲ್ಲು.

ಬ್ಯಾರಕ್ಕಿನಲ್ಲಿ ಟ್ರಂಕನ್ನು ನೆಲಕ್ಕೆ ತಾಗಿಸಬೇಡಿ. ನಾಲ್ಕು ಇಟ್ಟಿಗೆಯ ಮೇಲಿಟ್ಟು, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆ ಬಿಟ್ಟು ಬಿಸಿಲು ಮೂಡಿದ ದಿನ 11ರಿಂದ 3 ಗಂಟೆಯೊಳಗೆ ಮುಚ್ಚಳ ತೆಗೆದು ಬಟ್ಟೆ ಮಗುಚಿ. ಸಂಜೆ ತೆರೆದರೆ ತೇವದ ಗಾಳಿಯನ್ನೇ ಒಳಗೆ ಕರೆದಂತೆ.

ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಮಕ್ಕಳ ಪ್ರಮಾಣಪತ್ರಗಳ ಮೂಲಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಅಂಚಿನಿಂದ ನೀರು ಹೊಕ್ಕರೆ ಕಾಗದ ಒಳಗೇ ಕೊಳೆಯುತ್ತದೆ, ಬಿಡಿಸಲಾಗದು. ಜಿಪ್ ಕವರಿನಲ್ಲಿ ಸಣ್ಣದೊಂದು ಜೆಲ್ ಪೊಟ್ಟಣದ ಜೊತೆ ಇಟ್ಟು, ಓಡಾಟಕ್ಕೆ ಜೆರಾಕ್ಸ್ ಬಳಸಿ. ಬನಿಯನ್, ಕಾಲುಚೀಲ, ಒಳಉಡುಪು ಆರರಿಂದ ಎಂಟು ಜೊತೆ ಇರಲಿ, ಏಕೆಂದರೆ ಜುಲೈನಲ್ಲಿ ಒಗೆದದ್ದು ಒಣಗಲು ಎರಡು ಮೂರು ದಿನವೂ ಹಿಡಿಯುತ್ತದೆ. ಹಳೆಯ ಪೋಸ್ಟಿಂಗಿನ ಉಣ್ಣೆಬಟ್ಟೆಗಳನ್ನು ಮನೆಯಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ಬೂಟಿನ ಮೇಲೆ ದಿನಾ ಬಿಳಿ ಬೂಷ್ಟು. ಎಷ್ಟು ಪಾಲಿಶ್ ಹೊಡೆದರೂ ಮಂಕು. ಮೂರು ವರ್ಷ ಜೋಪಾನವಾಗಿ ಎತ್ತಿಟ್ಟಿದ್ದ ಇನ್ನೊಂದು ಜೊತೆಯ ಸೋಲ್ ಹಾಕಿಕೊಂಡ ದಿನವೇ ಪುಡಿಪುಡಿಯಾಗಿ ಉದುರಿತು. ಬೂಟೇ ಕಳಪೆಯೇ?
— ಡಿಎಸ್‌ಸಿ ಜವಾನ, ಕಣ್ಣೂರು (ಊರು: ಹಾಸನ)

ಉತ್ತರ: ಸೋಲಿನ ವಿಷಯ ಮೊದಲು ಹೇಳುತ್ತೇವೆ. ಹಗುರ ಬೂಟುಗಳ ಸೋಲನ್ನು ಪಾಲಿಯುರೆಥೇನ್‌ನಲ್ಲಿ ಮಾಡುತ್ತಾರೆ. ಗಾಳಿಯ ತೇವ ಆ ವಸ್ತುವಿನ ಬಂಧವನ್ನು ನಿಧಾನವಾಗಿ ಕಡಿದುಹಾಕುತ್ತದೆ. ಹಾಕಿಕೊಂಡು ನಡೆದ ಬೂಟಿಗಿಂತ ಮುಚ್ಚಿಟ್ಟ ಬೂಟಿನಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಕರಾವಳಿಯಲ್ಲಿ ಹೊಸ ಬೂಟನ್ನು ವರ್ಷಗಟ್ಟಲೆ ಎತ್ತಿಡಬಾರದು. ಇರುವ ಎರಡೂ ಜೊತೆಯನ್ನು ದಿನ ಬಿಟ್ಟು ದಿನ ಹಾಕಿಕೊಳ್ಳಿ. ಚರ್ಮಕ್ಕೂ ಅದೇ ಒಳ್ಳೆಯದು, ಒಳಗಿನ ಬೆವರು ಆರಲು ಪೂರ್ತಿ ಒಂದು ದಿನ ಬೇಕು.

ಬೂಷ್ಟಿನ ಮೇಲೆ ಪಾಲಿಶ್ ಹಚ್ಚುವುದೇ ಎಲ್ಲರೂ ಮಾಡುವ ತಪ್ಪು. ಬೂಷ್ಟು ಮೇಣದ ಅಡಿಯಲ್ಲಿ ಬದುಕಿರುತ್ತದೆ, ಎರಡನೇ ದಿನ ಮೇಲೇಳುತ್ತದೆ. ಬೂಟನ್ನು ಬ್ಯಾರಕ್ಕಿನ ಹೊರಗೆ ಒಯ್ದು ಒಣ ಬ್ರಷ್ಷಿನಲ್ಲಿ ಝಾಡಿಸಿ, ಒಳಗೆ ಝಾಡಿಸಿದರೆ ಬೀಜಕಣ ಎಲ್ಲರ ಬೂಟಿಗೂ ಹೋಗುತ್ತದೆ. ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಹೊಲಿಗೆ, ನಾಲಿಗೆ, ಲೇಸಿನ ತೂತಿನ ಸುತ್ತ ಒರೆಸಿ. ಲೇಸು ಬಿಚ್ಚಿ ಬೇರೆ ತೊಳೆಯಿರಿ. ಒಳಗಿನ ಅಟ್ಟೆ ತೆಗೆಯಲು ಬರುವಂತಿದ್ದರೆ ತೆಗೆಯಿರಿ. ಹಳೆಯ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ, ಮೂರು ನಾಲ್ಕು ಗಂಟೆಗೊಮ್ಮೆ ಪೇಪರ್ ಬದಲಿಸಿ. ಲಂಗರಿನ (ಅಡುಗೆಮನೆಯ) ಒಲೆಯ ಪಕ್ಕ ಇಟ್ಟು ಒಣಗಿಸಿದರೆ ಚರ್ಮ ಸೆಟೆದು ಬೆರಳು ಮಡಚುವ ಜಾಗದಲ್ಲಿ ಬಿರಿಯುತ್ತದೆ, ಅಂಟೂ ಬಿಡುತ್ತದೆ.

ಪೂರ್ತಿ ಒಣಗಿದ ಮೇಲೆಯೇ ಪಾಲಿಶ್. ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಷ್ ಹೊಡೆಯಿರಿ. ಟೋಕ್ಯಾಪಿಗೆ (ಬೂಟಿನ ಮುಂತುದಿಗೆ) ಕನ್ನಡಿ ಹೊಳಪು ಬೇಕಿದ್ದರೆ ಮೆತ್ತನೆ ಬಟ್ಟೆ ಬೆರಳಿಗೆ ಸುತ್ತಿ, ಚೂರೇ ಚೂರು ಪಾಲಿಶ್, ಒಂದು ಹನಿ ನೀರು, ಸಣ್ಣ ಸಣ್ಣ ವೃತ್ತ. ನೀರು ಹೆಚ್ಚಾದರೆ ಮೇಣ ಬೆಳ್ಳಗಾಗುತ್ತದೆ. ನಿಮ್ಮ ಬೂಟು ಮಂಕಾಗಲು ಅದೂ ಕಾರಣ ಇರಬಹುದು.

ಕಾಲಿನ ಬಗ್ಗೆಯೂ ಒಂದು ಮಾತು. ಬೆರಳ ಸಂದಿ ಬೆಳ್ಳಗೆ ನೆನೆದು ತುರಿಸುತ್ತಿದ್ದರೆ ಅದು ಶಿಲೀಂಧ್ರ. ಎಂಐ ರೂಮಿನಲ್ಲಿ (ಪಾಳೆಯದ ಚಿಕಿತ್ಸಾ ಕೊಠಡಿಯಲ್ಲಿ) ಸಾಧಾರಣವಾಗಿ 1% ಕ್ಲೋಟ್ರಿಮಜೋಲ್ ಮುಲಾಮು ಕೊಡುತ್ತಾರೆ. ತುರಿಕೆ ನಿಂತ ಕೂಡಲೇ ಬಿಟ್ಟರೆ ಮರುಕಳಿಸುತ್ತದೆ, ವಾಸಿಯಾದ ಮೇಲೂ ಎರಡು ವಾರ ಹಚ್ಚಬೇಕು.

ಪ್ರಶ್ನೆ: ಕಣ್ಣೂರಿನ ಕ್ಯಾಂಪಿನಲ್ಲಿ ರೈಫಲ್‌ಗೆ ಸಂಜೆ ಚೆನ್ನಾಗಿ ಎಣ್ಣೆ ಹಚ್ಚಿ ಇಟ್ಟರೂ ಬೆಳಿಗ್ಗೆ ಕೆಂಪು ಚುಕ್ಕೆ ಕಂಡಿತು. ಉಸ್ತಾದರ ಬೈಗುಳ ತಪ್ಪಲಿಲ್ಲ. ಎಲ್ಲಿ ತಪ್ಪಾಯಿತು?
— ಎನ್‌ಸಿಸಿ ಕೆಡೆಟ್, ಉಡುಪಿ

ಉತ್ತರ: ಎಣ್ಣೆ ಹಚ್ಚಿದ್ದು ಉಪ್ಪಿನ ಮೇಲೆ. ಅಲೆ ಒಡೆದಾಗ ಏಳುವ ಹನಿಗಳು ಗಾಳಿಯಲ್ಲಿ ಬಂದು ಲೋಹದ ಮೇಲೆ ಕೂರುತ್ತವೆ. ಬೆರಳಿನ ಬೆವರಿನಲ್ಲೂ ಉಪ್ಪಿದೆ. ಗಾಳಿಯ ತೇವಾಂಶ ಸುಮಾರು 75% ಮುಟ್ಟಿದರೆ ಅಡುಗೆ ಉಪ್ಪು ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಲವಣ ಅದಕ್ಕಿಂತ ಎಷ್ಟೋ ಕಡಿಮೆ ತೇವದಲ್ಲೇ ನೀರು ಹೀರುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆಯ ಪದರದಡಿ ಉಪ್ಪುನೀರಿನ ಸಣ್ಣ ಹನಿಯಾಗಿ ಉಳಿದು ಕಬ್ಬಿಣ ತಿನ್ನುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಉಸ್ತಾದರ ಮುಂದೆ ಆಯುಧ ಖಾಲಿ ಇದೆಯೆಂದು ತೋರಿಸಿದ ನಂತರ, ಹೊರಗಿನ ಲೋಹಭಾಗವನ್ನು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ. ತಕ್ಷಣ ಒಣಬಟ್ಟೆಯಿಂದ ಎರಡು ಸಲ ಒರೆಸಿ. ನಂತರ ಬ್ಯಾರಲ್. ಪುಲ್‌ಥ್ರೂಗೆ, ಅಂದರೆ ಬ್ಯಾರಲ್ ಒರೆಸುವ ಹಗ್ಗಕ್ಕೆ, 4×2 ಇಂಚಿನ ಒಣ ಚಿಂದಿ ಹಾಕಿ, ಚೇಂಬರಿನ ಕಡೆಯಿಂದ ಬಿಟ್ಟು ಮೂತಿಯ ಕಡೆಗೆ ಒಂದೇ ಎಳೆತದಲ್ಲಿ ಎಳೆಯಿರಿ. ನಡುವೆ ನಿಲ್ಲಿಸಿದರೆ ಕೊಳೆ ಅಲ್ಲೇ ಉಳಿಯುತ್ತದೆ, ಚಿಂದಿ ಸಿಕ್ಕಿಕೊಳ್ಳುವುದೂ ಉಂಟು. ಹಗ್ಗ ಮೂತಿಯ ಅಂಚಿಗೆ ಉಜ್ಜಬಾರದು, ನೇರ ಎಳೆಯಬೇಕು. ಚಿಂದಿ ಬೆಳ್ಳಗೆ ಬರುವವರೆಗೆ ಬದಲಿಸಿ. ಎಣ್ಣೆ ಹಚ್ಚಲು 4×1½ ಇಂಚಿನ ಚಿಂದಿ ಸಾಕು. ಅಗಲ ಕಡಿಮೆ ಇರುವುದೇ ಎಣ್ಣೆ ಪೂರ್ತಿ ಹಿಂಡಿಹೋಗದೆ ಗೋಡೆಗೆ ಹತ್ತಲಿ ಎಂದು. ಪದರ ತೆಳುವಾಗಿರಲಿ, ದಪ್ಪ ಎಣ್ಣೆಗೆ ಮರಳು ಅಂಟುತ್ತದೆ.

ತೇವ ಹೊಕ್ಕೀತೆಂದು ಮೂತಿಗೆ ಬಟ್ಟೆ ತುರುಕುವವರಿದ್ದಾರೆ. ಬೇಡವೇ ಬೇಡ. ಒಳಗಿನ ತೇವ ಹೊರಗೆ ಹೋಗದು, ಮರೆತು ಫೈರ್ ಮಾಡಿದರೆ ಬ್ಯಾರಲ್ ಸಿಡಿಯುತ್ತದೆ. ಹಾಗೆಯೇ ಏಸಿ ಕೋಣೆಯಿಂದ ಹೊರತಂದ ದುರ್ಬೀನು, ಕ್ಯಾಮೆರಾ, ಆಯುಧದ ಮೇಲೆ ಮಂಜು ಕಟ್ಟುತ್ತದೆ. ಅರ್ಧ ಗಂಟೆ ಚೀಲದೊಳಗೇ ಬಿಟ್ಟು ಹೊರಗಿನ ಬಿಸಿಗೆ ಹೊಂದಿದ ಮೇಲೆ ತೆಗೆಯಿರಿ.

ಪ್ರಶ್ನೆ: ಕಣ್ಣೂರಿನ ಕೋಟೆಯಲ್ಲಿ ಯಾವ ಯಾವ ಸೈನ್ಯ ಬೀಡುಬಿಟ್ಟಿತ್ತು?
— ಓದುಗರು, ಸುಳ್ಯ

ಉತ್ತರ: ಸೇಂಟ್ ಆ್ಯಂಜೆಲೊ ಕೋಟೆಯನ್ನು 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ ಕಟ್ಟಿಸಿದ. 1663ರಲ್ಲಿ ಡಚ್ಚರು ಕಿತ್ತುಕೊಂಡರು. 1772ರಲ್ಲಿ ಅವರು ಅದನ್ನು ಕಣ್ಣೂರಿನ ಅರಕ್ಕಲ್ ಮನೆತನದ ಅಲಿ ರಾಜನಿಗೆ ಮಾರಿದರು. 1790ರಲ್ಲಿ ಬ್ರಿಟಿಷರ ಕೈಸೇರಿತು. 1887ರವರೆಗೆ ಪಶ್ಚಿಮ ಕರಾವಳಿಯಲ್ಲಿ ಬ್ರಿಟಿಷ್ ಸೇನೆಯ ಮುಖ್ಯ ಠಾಣೆ ಕಣ್ಣೂರೇ. ಈಗ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ.

ಪ್ರಶ್ನೆ: ಆಗಿನ ಕಾಲದಲ್ಲಿ ನಾಲ್ಕು ತಿಂಗಳ ಮಳೆಯಲ್ಲಿ ಕಡಲಂಚಿನ ಕೋಟೆಯೊಳಗೆ ಮದ್ದುಗುಂಡು ಒಣಗಿಸಿಡುತ್ತಿದ್ದುದು ಹೇಗೆ? ತೋಪುಗಳಿಗೆ ತುಕ್ಕು ಹಿಡಿಯುತ್ತಿರಲಿಲ್ಲವೇ?
— ಇತಿಹಾಸ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಕೋಟೆ ಎಂದರೆ ಕಾಳಗವನ್ನೇ ನೆನೆಯುತ್ತೇವೆ. ಆದರೆ ಅಲ್ಲಿದ್ದ ಸಿಪಾಯಿಯ ದಿನಗಳಲ್ಲಿ ಹೆಚ್ಚಿನವು ಹೋಗುತ್ತಿದ್ದುದು ಇಂಥ ಆರೈಕೆಯ ಕೆಲಸದಲ್ಲೇ.

ಕಪ್ಪು ಮದ್ದಿನಲ್ಲಿ ಹೆಚ್ಚುಕಡಿಮೆ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಶುದ್ಧ ಪೆಟ್ಲುಪ್ಪು ಅಷ್ಟಾಗಿ ನೀರು ಹೀರುವುದಿಲ್ಲ. ಶುದ್ಧಿ ಸಾಲದೆ ಅದರಲ್ಲಿ ಸಾಧಾರಣ ಉಪ್ಪು, ಸುಣ್ಣದ ಲವಣ ಉಳಿದಿದ್ದರೆ ಅವು ತೇವ ಎಳೆಯುತ್ತವೆ. ಹಾಗಾಗಿ ಮಳೆಗಾಲದ ಮದ್ದಿನ ಗುಣ ಪೆಟ್ಲುಪ್ಪನ್ನು ಎಷ್ಟು ಸಲ ಕರಗಿಸಿ ಹರಳು ಕಟ್ಟಿಸಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಹಿಟ್ಟಿನಂಥ ಮದ್ದಿಗಿಂತ ಹರಳು ಮಾಡಿದ ಮದ್ದು ತೇವಕ್ಕೆ ಹೆಚ್ಚು ತಡೆಯುತ್ತಿತ್ತು, ಸಾಗಿಸುವಾಗ ಇದ್ದಿಲು ಗಂಧಕ ಬೇರೆಬೇರೆಯಾಗುತ್ತಲೂ ಇರಲಿಲ್ಲ.

ಮದ್ದಿನ ಮನೆಯ ಗೋಡೆ ದಪ್ಪ, ಕಿಂಡಿ ಕಡಿಮೆ. ಕಿಂಡಿಗಳು ನೇರವಾಗಿರದೆ ಗೋಡೆಯೊಳಗೆ ತಿರುವು ತೆಗೆದುಕೊಳ್ಳುವಂತೆ ಇಡುವುದಿತ್ತು. ಗಾಳಿ ಬರಬೇಕು, ಕಿಡಿ ಬರಬಾರದು. ನೆಲದಿಂದ ಎತ್ತರಕ್ಕೆ ಹಲಗೆ ಹಾಸು. ಪೀಪಾಯಿಗೆ ತಾಮ್ರದ ಇಲ್ಲವೇ ಮರದ ಪಟ್ಟಿ, ಬಿಗಿಯಲು ಮರದ ಕೊಡತಿ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ, ಆದ್ದರಿಂದ ಮೊಳೆ ಹೊಡೆದ ಜೋಡು ಹೊರಗೇ ಬಿಡಬೇಕು. ಪೀಪಾಯಿಗಳನ್ನು ಆಗಾಗ ಮಗುಚಿ ಇಡುತ್ತಿದ್ದರು, ಇಲ್ಲದಿದ್ದರೆ ತೇವ ತಳಕ್ಕಿಳಿದು ಮದ್ದು ಗಟ್ಟಿಯಾಗುತ್ತದೆ. ಒಣ ಹವೆಯ ದಿನ ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಬಟ್ಟೆಯ ಮೇಲೆ ತೆಳುವಾಗಿ ಹರಡಿ ಒಣಗಿಸಿ, ಗಡ್ಡೆ ಒಡೆದು ಜರಡಿ ಹಿಡಿಯುತ್ತಿದ್ದರು. ಹರಳಿನ ಮೇಲೆ ಬಿಳಿ ಹೊದಿಕೆ ಕಂಡರೆ ಪೆಟ್ಲುಪ್ಪು ಹೊರಗೆ ಬಂತೆಂದು ಅರ್ಥ. ಅದನ್ನು ಒಣಗಿಸಿ ಪ್ರಯೋಜನವಿಲ್ಲ, ನೀರಲ್ಲಿ ಕರಗಿಸಿ ಪೆಟ್ಲುಪ್ಪನ್ನಷ್ಟೇ ಮರಳಿ ಪಡೆಯಬೇಕು.

ಕಂಚಿನ ತೋಪಿಗೆ ತುಕ್ಕಿನ ಭಯವಿಲ್ಲ, ಆದರೆ ಬೆಲೆ ಕಬ್ಬಿಣದ್ದಕ್ಕಿಂತ ಹಲವು ಪಟ್ಟು. ಕಬ್ಬಿಣದ ತೋಪಿನ ಮೂತಿಗೆ ಕೊಬ್ಬು ಸವರಿದ ಮರದ ಬಿರಡೆ, ಹಿಂಬದಿಯ ಕಿವಿಯ (ಬೆಂಕಿ ಮುಟ್ಟಿಸುವ ತೂತಿನ) ಮೇಲೆ ಸೀಸದ ತಗಡು ಕಟ್ಟಿ ಮಳೆನೀರು ತಡೆಯುತ್ತಿದ್ದರು. ಗುಂಡಿನ ವಿಷಯ ಅನೇಕರಿಗೆ ತಿಳಿದಿಲ್ಲ: ಕಬ್ಬಿಣದ ಗುಂಡು ತುಕ್ಕು ಹಿಡಿದರೆ ಹೊಪ್ಪಳೆ ಎದ್ದು ದಪ್ಪವಾಗುತ್ತದೆ, ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಗುಂಡುಗಳನ್ನು ಕೆರೆದು, ಅಳತೆಯ ಬಳೆಯಲ್ಲಿ ತೂರಿಸಿ ನೋಡುವುದೂ ಸಿಪಾಯಿಗೆ ಒಂದು ಫಟೀಕ್ (ದುಡಿಮೆಯ ಪಾಳಿ).

ಇನ್ನು ಬತ್ತಿಬಂದೂಕು, ಅಂದರೆ ಉರಿಯುವ ಹುರಿಯಿಂದ ಮದ್ದು ಹೊತ್ತಿಸುವ ಬಂದೂಕು. ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ಹುರಿ ಗಂಟೆಗೆ ಸುಮಾರು 10ರಿಂದ 12 ಸೆಂಟಿಮೀಟರ್ ಉರಿಯುತ್ತದೆ. ಎಂಟು ಗಂಟೆಯ ಪಹರೆಗೆ ಒಂದು ತುದಿಗೇ ಹತ್ತಿರ ಹತ್ತಿರ ಒಂದು ಮೀಟರ್ ಬೇಕು. ಒಂದು ಆರಿದರೆ ಇನ್ನೊಂದಿರಲಿ ಎಂದು ಎರಡೂ ತುದಿ ಹೊತ್ತಿಸಿದರೆ ಅದರ ಎರಡರಷ್ಟು. ಜಡಿಮಳೆಯಲ್ಲಿ ಅದೂ ಆರುತ್ತದೆ. ಮಳೆಗಾಲದ ಮುತ್ತಿಗೆಯಲ್ಲಿ ಬಿಲ್ಲು, ಭರ್ಜಿ, ಕತ್ತಿಗೆ ಮತ್ತೆ ಬೆಲೆ ಬರುತ್ತಿದ್ದುದು ಇದಕ್ಕೇ.

ಪ್ರಶ್ನೆ: ಮೂರು ಕಡೆ ಸಮುದ್ರ ಇರುವ ಕೋಟೆಯಲ್ಲಿ ಸೈನಿಕರಿಗೆ ಸಿಹಿನೀರು ಎಲ್ಲಿಂದ?
— ಓದುಗರು, ಕುಂದಾಪುರ

ಉತ್ತರ: 1507ರ ಮುತ್ತಿಗೆಯಲ್ಲಿ ಈ ಪ್ರಶ್ನೆಯೇ ಜೀವ ತೆಗೆಯುವಂತಾಗಿತ್ತು. ಕಣ್ಣೂರಿನ ಅರಸ ಕೋಲತ್ತಿರಿಯ ಪಡೆ ಕಲ್ಲಿಕೋಟೆಯ ಸಾಮೂದಿರಿಯ ನೆರವಿನೊಂದಿಗೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕೋಟೆ ಮುತ್ತಿತ್ತು. ಒಳಗಿದ್ದ ಪೋರ್ಚುಗೀಸ್ ದಳಕ್ಕೆ ಲೊರೆನ್ಸೊ ದ ಬ್ರಿಟೊ ನಾಯಕ. ಕುಡಿಯುವ ನೀರಿನ ಬಾವಿ ಗೋಡೆಯ ಹೊರಗಿತ್ತು. ಒಂದೊಂದು ಕೊಡಕ್ಕೂ ಹೊರಗೆ ನುಗ್ಗಿ ರಕ್ತ ಸುರಿಸಬೇಕಿತ್ತು. ಕೊನೆಗೆ ಕೋಟೆಯ ಒಳಗಿನಿಂದ ಬಾವಿಯವರೆಗೆ ನೆಲದಡಿ ಸುರಂಗ ತೋಡಿದರು. ಕರಾವಳಿಯ ಮೆತ್ತನೆಯ ಕೆಂಪು ಮುರಕಲ್ಲು ಅಂಥ ಕೆಲಸಕ್ಕೆ ಒದಗುತ್ತದೆ. ಹಸಿವು ಮಾತ್ರ ಉಳಿಯಿತು. ಆಗಸ್ಟ್ 15ರಂದು ಅಲೆಗಳು ರಾಶಿ ರಾಶಿ ಸಿಗಡಿಗಳನ್ನು ದಡಕ್ಕೆ ಎಸೆದವು, ಅದರ ಮೇಲೆ ದಿನ ತಳ್ಳಿದರು. 27ರಂದು ಪೋರ್ಚುಗೀಸ್ ನಾಯಕ ಟ್ರಿಸ್ಟಾವೊ ದ ಕುನ್ಯನ 11 ಹಡಗುಗಳು ಬಂದ ಮೇಲೆ ಮುತ್ತಿಗೆ ಮುಗಿಯಿತು.

ಕಡಲ ಪಕ್ಕದಲ್ಲೇ ಸಿಹಿನೀರು ಸಿಗುವುದಕ್ಕೆ ಕಾರಣ ಸರಳ. ಮಳೆನೀರು ಉಪ್ಪುನೀರಿಗಿಂತ ಹಗುರ. ನೆಲದೊಳಗೆ ಇಳಿದದ್ದು ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರಿರುತ್ತದೆ ಎಂಬುದು ಲೆಕ್ಕ. ಇದನ್ನು ತಿರುಗಿಸಿಯೂ ನೋಡಬೇಕು: ಮೇಲಿನ ಮಟ್ಟ ಒಂದು ಅಡಿ ಇಳಿದರೆ ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೇರುತ್ತದೆ. ಕರಾವಳಿಯ ಬಾವಿಯಲ್ಲಿ ಬಿಂದಿಗೆಯಿಂದ ಸೇದಿದಾಗ ಸಿಹಿ ಇದ್ದದ್ದು ದೊಡ್ಡ ಪಂಪ್ ಇಟ್ಟ ಮೇಲೆ ಉಪ್ಪಾಗುವುದು ಹೀಗೆ. ಸ್ವಲ್ಪ ಸ್ವಲ್ಪ, ಹಲವು ಹೊತ್ತು, ಹಲವು ಬಾವಿಯಿಂದ ಎತ್ತಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೂ ಹುಷಾರು.

ಪ್ರಶ್ನೆ: ನಮ್ಮ ಯಜಮಾನರಿಗೆ ಕಣ್ಣೂರಿನಲ್ಲಿ ಕ್ವಾರ್ಟರ್ಸ್ ಸಿಕ್ಕಿದೆ. ಮಕ್ಕಳಿಬ್ಬರು, ಮೂರು ಮತ್ತು ಒಂಬತ್ತು ವರ್ಷ. ಮನೆ ಹಳೆಯದು, ಗೋಡೆ ತೇವ. ಇಲಿಜ್ವರದ ಭಯವೂ ಇದೆಯಂತೆ. ಏನೇನು ಎಚ್ಚರ ವಹಿಸಲಿ?
— ಗೃಹಿಣಿ, ವಿರಾಜಪೇಟೆ

ಉತ್ತರ: ತಂಗೀ, ಮನೆಯ ಕೀಲಿ ಕೈಗೆ ಬಂದ ದಿನವೇ ಎಲ್ಲ ಕೋಣೆಯನ್ನೂ ಸುತ್ತಿ, ಗೋಡೆ ಎಲ್ಲಿಂದ ನೆನೆಯುತ್ತಿದೆ ನೋಡಿ. ಮೇಲಿಂದ ಇಳಿದ ಕಲೆಯಾದರೆ ತಾರಸಿ ಅಥವಾ ಹೆಂಚಿನ ದೋಷ. ಕೆಳಗಿನಿಂದ ಎರಡು ಮೂರು ಅಡಿ ಏರಿದ್ದರೆ ನೆಲದ ತೇವ. ಸ್ನಾನದ ಮನೆಯ ಹಿಂದಿನ ಗೋಡೆಯಾದರೆ ಪೈಪು. ಕ್ವಾರ್ಟರ್ಸ್ ರಿಪೇರಿ ನೋಡುವ ಎಂಇಎಸ್ (ಸೇನೆಯ ಎಂಜಿನಿಯರ್ ವಿಭಾಗ) ದೂರಿನ ಪುಸ್ತಕದಲ್ಲಿ ಬರೀ “ಗೋಡೆ ತೇವ” ಎನ್ನದೆ ಹೀಗೆ ಬಿಡಿಸಿ ಬರೆದರೆ ಸರಿಯಾದ ಕೆಲಸಗಾರನೇ ಬರುತ್ತಾನೆ. ನಂಬರ್ ಬರೆದಿಟ್ಟುಕೊಳ್ಳಿ. ಮಳೆ ಹಿಡಿಯುವ ಮುಂಚೆಯೇ ದೂರು ಕೊಡಿ.

ಅಲ್ಮೇರಾವನ್ನು ಹೊರಗೋಡೆಗೆ ಒತ್ತಿಸಬೇಡಿ. ಅಡುಗೆ ಮಾಡುವಾಗ, ಸ್ನಾನದ ನಂತರ ಕಿಟಕಿ ತೆರೆದಿಡಿ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಹರವಿದರೆ ಆ ನೀರೆಲ್ಲ ಗೋಡೆಗೇ ಹೋಗುತ್ತದೆ. ವರಾಂಡದಲ್ಲಿ ಹಗ್ಗ ಕಟ್ಟಿ ಫ್ಯಾನು ಹಾಕಿ. ಟಿವಿ, ಮಿಕ್ಸಿ, ಸ್ಟೆಬಿಲೈಜರನ್ನು ವಾರಗಟ್ಟಲೆ ಬಂದ್ ಇಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿದರೆ ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ಗ್ಯಾಸ್ ಸಿಲಿಂಡರಿನ ತಳ ತುಕ್ಕು ಹಿಡಿದು ನೆಲಕ್ಕೆ ಅಂಟುತ್ತದೆ, ಮರದ ಹಲಗೆಯ ಮೇಲಿಡಿ.

ಇಲಿಜ್ವರದ ಭಯ ನಿಜವಾದದ್ದೇ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಹೊಕ್ಕರೆ ರೋಗ ಬರುತ್ತದೆ. ಮಕ್ಕಳನ್ನು ನಿಂತ ನೀರಿನಲ್ಲಿ ಬರಿಗಾಲಲ್ಲಿ ಬಿಡಬೇಡಿ. ಯಜಮಾನರಿಗೆ ಚರಂಡಿ ಬಿಡಿಸುವ ಕೆಲಸ ಬಿದ್ದರೆ ಗಂಬೂಟು, ಕೈಗವಸು ಇರಲಿ. ಅಂಥವರಿಗೆ ಕೇರಳದಲ್ಲಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿಯಿದೆ. ಅದು ದೊಡ್ಡವರಿಗೆ, ಊಟದ ನಂತರ, ವೈದ್ಯರು ಹೇಳಿದರೆ ಮಾತ್ರ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ನೀವಾಗಿ ಕೊಡಬಾರದು. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ತಡವಾದರೆ ಯಕೃತ್ತು, ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ.

ಡೆಂಗಿ ಸೊಳ್ಳೆ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ. ವಾರಕ್ಕೊಂದು ದಿನ ಗೊತ್ತು ಮಾಡಿ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ಚಿಪ್ಪು, ಟಯರು ಎಲ್ಲವನ್ನೂ ಬರಿದು ಮಾಡಿ ಒಣಗಿಸಿ.

ಊರಿಗೆ ಹೋಗಿಬರುವ ಮಾಕುಟ್ಟ ಘಾಟಿ ಮಳೆಯಲ್ಲಿ ಕುಸಿಯುವ ರಸ್ತೆ. 2018ರಲ್ಲಿ ಆದ ಭೂಕುಸಿತ ನಿಮಗೆ ಗೊತ್ತೇ ಇದೆ. ಜೋರು ಮಳೆಯ ದಿನ ರಾತ್ರಿ ಪಯಣ ಬೇಡ. ಹೊರಡುವ ಮುಂಚೆ ಇರಿಟ್ಟಿ ಕಡೆಯವರನ್ನು, ವಿರಾಜಪೇಟೆ ಕಡೆಯವರನ್ನು, ಇಬ್ಬರನ್ನೂ ಕೇಳಿ ಹೊರಡಿ.

ಪ್ರಶ್ನೆ: ಕಡಲತೀರದಲ್ಲಿ ರಾತ್ರಿ ಪಹರೆ ಬೇರೆ ಕಡೆಗಿಂತ ಕಷ್ಟವೇ? ಏನು ವ್ಯತ್ಯಾಸ?
— ಸೇನೆ ಸೇರಲಿರುವ ಯುವಕ, ಗೋಣಿಕೊಪ್ಪ

ಉತ್ತರ: ಮುಖ್ಯ ವ್ಯತ್ಯಾಸ ಸದ್ದು. ಬಯಲುಸೀಮೆಯಲ್ಲಿ ರಾತ್ರಿ ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಅಲೆಯ ಮೊರೆತದಲ್ಲಿ ಹೆಜ್ಜೆ ಸಪ್ಪಳ ಮುಳುಗಿಹೋಗುತ್ತದೆ, ಆದ್ದರಿಂದ ಕಣ್ಣನ್ನೇ ಹೆಚ್ಚು ನಂಬಬೇಕು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು. ಮೊಬೈಲ್ ಪರದೆ ಒಮ್ಮೆ ನೋಡಿದರೆ ಮತ್ತೆ ಮೊದಲಿನಿಂದ. ಡ್ಯೂಟಿ ಹಿಡಿಯುವ ಅರ್ಧ ಗಂಟೆ ಮುಂಚೆಯೇ ಬೆಳಕಿನಿಂದ ದೂರವಿರುವುದು ಲೇಸು, ಟಾರ್ಚಿಗೆ ಕೆಂಪು ಗಾಜು ಇರಲಿ. ಮಬ್ಬಿನಲ್ಲಿ ಒಂದು ವಸ್ತುವನ್ನು ದಿಟ್ಟಿಸಿದರೆ ಅದು ಮಾಯವಾಗುತ್ತದೆ. ಅದರ ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಕಾಣುತ್ತದೆ.

ಇನ್ನೊಂದು, ಉಬ್ಬರವಿಳಿತ. ದಿನಕ್ಕೆ ಎರಡು ಸಲ ಉಬ್ಬರ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ನಿನ್ನೆ ಇದೇ ಹೊತ್ತಿಗೆ ಒಣಗಿದ್ದ ಬಂಡೆ ಇಂದು ನೀರಲ್ಲಿರಬಹುದು. ಹಗಲು ಗಾಳಿ ಕಡಲಿಂದ, ರಾತ್ರಿ ನೆಲದಿಂದ ಬೀಸುವುದು ಮಳೆಯಿಲ್ಲದ ತಿಂಗಳುಗಳ ರೂಢಿ. ಮುಂಗಾರಿನಲ್ಲಿ ಅದು ನಡೆಯುವುದಿಲ್ಲ, ಹೊತ್ತೆಲ್ಲ ಪಶ್ಚಿಮದ ಗಾಳಿಯೇ.

ಪ್ರಶ್ನೆ: ರಜೆಯ ದಿನ ಪಯ್ಯಾಂಬಲಂ ಬೀಚಿನಲ್ಲಿ ಈಜಬಹುದೇ?
— ರಿಕ್ರೂಟ್, ಚನ್ನರಾಯಪಟ್ಟಣ

ಉತ್ತರ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಕೆರೆಯಲ್ಲಿ ಈಜು ಕಲಿತವರೇ ಇಲ್ಲಿ ಹೆಚ್ಚು ಅಪಾಯಕ್ಕೆ ಸಿಕ್ಕುವುದು. ಒಳಕ್ಕೆ ಎಳೆಯುವ ಹರಿವಿಗೆ ಸಿಕ್ಕಿದರೆ ದಡದ ಕಡೆ ಮುಖಮಾಡಿ ಹೋರಾಡಬೇಡಿ, ಎಂಥ ಈಜುಗಾರನೂ ಸೋಲುತ್ತಾನೆ. ತೇಲಿಕೊಂಡು ಉಸಿರು ಉಳಿಸಿ, ದಡಕ್ಕೆ ಸಮಾನಾಂತರವಾಗಿ ಈಜಿ ಹರಿವಿನಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ.

ಪ್ರಶ್ನೆ: ನಮ್ಮ ಮಂಗಳೂರಿನ ಕೋಟೆಯಲ್ಲೂ ಇಂಥ ಮುತ್ತಿಗೆ ನಡೆದಿತ್ತಲ್ಲ? ಅಲ್ಲಿನ ದಳ ಸೋತದ್ದೇಕೆ?
— ನಿವೃತ್ತ ಶಿಕ್ಷಕರು, ಮಂಗಳೂರು

ಉತ್ತರ: ಹೌದು ಮೇಷ್ಟ್ರೇ. 1783ರ ಮೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದರು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ ಮುಂದಾಳತ್ವದಲ್ಲಿ ಬ್ರಿಟಿಷ್ ಗೋರ ಸೈನಿಕರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳಿದ್ದರು. ಆಗಸ್ಟ್ 2ರಂದು ಕದನವಿರಾಮವಾಯಿತು. ಗುಂಡಿನ ಸದ್ದು ನಿಂತರೂ ಸಾವು ನಿಲ್ಲಲಿಲ್ಲ. ತಾಜಾ ಕಾಯಿಪಲ್ಲೆ ಇಲ್ಲದೆ ಸ್ಕರ್ವಿ ಹಬ್ಬಿತು, ವಸಡು ಬಾತು ಹಳೆಯ ಗಾಯಗಳು ಮತ್ತೆ ಬಿಚ್ಚಿಕೊಳ್ಳುವ ರೋಗ ಅದು. ಸಿಪಾಯಿಗಳಲ್ಲಿ ಅನೇಕರಿಗೆ ಕಣ್ಣು ಕಾಣದಾಯಿತು. ಒಂದಕ್ಕೆ ಸಿ ಜೀವಸತ್ವದ ಕೊರತೆ ಕಾರಣವಾದರೆ, ಇನ್ನೊಂದರ ಲಕ್ಷಣ ಎ ಜೀವಸತ್ವದ ಕೊರತೆಗೆ ಹೊಂದುತ್ತದೆ. ಬಸಳೆ, ನುಗ್ಗೆಸೊಪ್ಪು, ನಿಂಬೆ ಗೋಡೆಯಾಚೆ ಬೆಳೆಯುವ ಊರಿನಲ್ಲೇ ಹೀಗಾಯಿತು. 1784ರ ಜನವರಿ 30ರಂದು ಕೋಟೆ ಒಪ್ಪಿಸಿ ಉಳಿದವರು ತಲಶ್ಶೇರಿಗೆ ಹೊರಟರು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು.

ಪ್ರಶ್ನೆ: ಕೋಟೆ ನೋಡಲು ಹೋದಾಗ ಗೋಡೆಯ ಮೇಲೆಲ್ಲ ಹೆಸರು ಕೆತ್ತಿದ್ದು ಕಂಡು ಬೇಸರವಾಯಿತು. ಮುರಕಲ್ಲು ಗಟ್ಟಿಯಲ್ಲವೇ, ಅಷ್ಟು ಸುಲಭಕ್ಕೆ ಹೇಗೆ ಕೆತ್ತಲಾಗುತ್ತದೆ?
— ಓದುಗರು, ಪುತ್ತೂರು

ಉತ್ತರ: ನೆಲದಿಂದ ಕಡಿದಾಗ ಮುರಕಲ್ಲು ಮೆತ್ತಗಿರುತ್ತದೆ, ಕೊಡಲಿಗೂ ಬಗ್ಗುತ್ತದೆ. ಗಾಳಿಗೆ ಒಡ್ಡಿದ ಮೇಲೆ ಮೈ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದು ಹೊರಪದರ ಮಾತ್ರ ಎಂಬುದನ್ನು ಗಮನಿಸಿ. ಮೊಳೆಯಿಂದ ಆ ಪದರ ಕೆರೆದರೆ ಒಳಗಿನ ಮೆತ್ತನೆ ಭಾಗಕ್ಕೆ ಮಳೆ ನೇರ ಹೊಕ್ಕು, ಪ್ರತಿ ಮುಂಗಾರಿನಲ್ಲೂ ಗುಳಿ ಆಳವಾಗುತ್ತದೆ. ತೂತು ತೂತಾದ ಈ ಕಲ್ಲಿಗೆ ಫಿರಂಗಿ ಗುಂಡು ಬಿದ್ದರೆ ಗ್ರಾನೈಟಿನಂತೆ ಚೂರು ಸಿಡಿಯುವುದಿಲ್ಲ, ಗುಂಡು ಒಳಗೇ ಹೂತುಕೊಳ್ಳುತ್ತದೆ. ಗುಂಡಿಗೆ ಬಗ್ಗದ ಗೋಡೆಯನ್ನು ನೀರು ಕರಗಿಸುತ್ತದೆ. ಸಿಮೆಂಟಿನಿಂದ ಗುಳಿ ಮುಚ್ಚುವುದೂ ಪರಿಹಾರವಲ್ಲ, ಸಿಮೆಂಟು ತೇವವನ್ನು ಹೊರಗೆ ಬಿಡದೆ ಪಕ್ಕದ ಕಲ್ಲನ್ನು ಕೊಳೆಸುತ್ತದೆ. ಸುಣ್ಣದ ಗಾರೆಯೇ ಆಗಬೇಕು.

ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಾದರೂ ಕೆತ್ತುವುದು ಕಂಡರೆ ಬಾಗಿಲಲ್ಲಿರುವ ಪುರಾತತ್ವ ಇಲಾಖೆಯ ಸಿಬ್ಬಂದಿಗೆ ಅಥವಾ ಅಲ್ಲಿನ ಪೊಲೀಸರಿಗೆ ಆಗಲೇ ತಿಳಿಸಿ, ಕೆತ್ತಿ ಹೋದ ಮೇಲೆ ಹಿಡಿಯುವುದು ಕಷ್ಟ.